ನೀರ್ ಸಾಬರ ಬೋರಿಂಗು, ಅವರ ಪಂಚಾಯಿತಿ: ಎರಡನ್ನೂ ಬಳಸಿದವಳ ಅಭಿಪ್ರಾಯ

ಪಾವಗಡ ಸೀಮೆಯವಳು ನಾನು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದು, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿಯಾದ ಮೇಲೆ ಬರದ ಊರುಗಳಿಗೆಲ್ಲ ಬೋರ್ ಕೊರೆಯುವ ಲಾರಿಗಳು ಬಂದವು. ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಒಬ್ಬ ರಾಜಕಾರಣಿಯ ಕೆಲಸವನ್ನು ಬಳಸಿ ನೋಡಿ ಅಳೆಯಬಹುದಾದರೆ, ನನ್ನ ಅಳತೆ ಇದು.

ಮೊದಲು ಪಂಪು. ಬೋರಿನ ಮೇಲೆ ಕೂರಿಸಿದ ಇಂಡಿಯಾ ಮಾರ್ಕ್ 2 ಕೈಪಂಪು ಗಟ್ಟಿ ಮಾಲು. ಇಡೀ ಕೇರಿ ಬೆಳಗಿನಿಂದ ರಾತ್ರಿವರೆಗೆ ಹೊಡೆದರೂ ತಾಳುತ್ತದೆ, ಮಕ್ಕಳೂ ಹೊಡೆಯಬಹುದು. ಕಷ್ಟ ಇರುವುದು ರಿಪೇರಿಯಲ್ಲಿ. ಒಳಗಿನ ವಾಶರ್ ಸವೆದರೆ ಪೈಪನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಸಾಮಾನೂ ಬೇಕು, ಆಳುಗಳೂ ಬೇಕು. ನಮ್ಮ ಕಡೆಯ ನೀರಲ್ಲಿ ಫ್ಲೋರೈಡು ಬೇರೆ. ಕೊರೆದದ್ದಷ್ಟೇ ಸಾಲದು, ಆ ನೀರನ್ನು ಪರೀಕ್ಷೆ ಮಾಡಬೇಕಿತ್ತು. ಹಲ್ಲು ಕಂದಾದ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನನ್ನ ಪ್ರಕಾರ ಸಾಬರ ದೊಡ್ಡ ಕೆಲಸ ಪಂಪಲ್ಲ, ಕೆಲವು ಹಳ್ಳಿ ಸೇರಿಸಿ ಮಾಡಿದ, ಜನರೇ ಆರಿಸಿದ ಮಂಡಲ ಪಂಚಾಯಿತಿ. 1983ರಲ್ಲಿ ಮಸೂದೆ ತಂದರು, ರಾಷ್ಟ್ರಪತಿಗಳ ಅಂಕಿತ ಬೀಳಲು 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಹೆಂಗಸರಿಗೆ ನೂರಕ್ಕೆ 25 ಸ್ಥಾನ. ದೇಶದ ಎಲ್ಲ ಕಡೆ ಪಂಚಾಯಿತಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೂ ಎಷ್ಟೋ ವರ್ಷ ಮುಂಚಿನ ಮಾತಿದು. ಆ ಮೀಸಲಿನಲ್ಲೇ ನಾನೂ ಸದಸ್ಯೆಯಾದೆ. ಬಿಂದಿಗೆ ಹಿಡಿದು ಸಾಲಲ್ಲಿ ನಿಲ್ಲುತ್ತಿದ್ದವಳು ಸಭೆಯಲ್ಲಿ ಕೂತು, "ಹೊಸ ಬೋರು ಹಟ್ಟಿಯ ಹತ್ತಿರ ಬೀಳಲಿ, ಗೌಡರ ಮನೆ ಮುಂದೆ ಬೇಡ" ಅಂತ ಹೇಳಲು ಸಾಧ್ಯವಾಯಿತು. ಮಂಡಲಗಳ ಮೇಲಿದ್ದ ಜಿಲ್ಲಾ ಪರಿಷತ್ತಿನ (ಈಗಿನ ಜಿಲ್ಲಾ ಪಂಚಾಯಿತಿಯಂಥದ್ದು) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ. ನಮ್ಮ ಅರ್ಜಿ ಓದಿ ನೋಡುವ ಜನ ಅಲ್ಲಿದ್ದರು.

ಕೊರತೆಯೂ ಉಂಟು. ಮಂಡಲಕ್ಕೆ ಸ್ವಂತ ಆದಾಯ ಕಡಿಮೆ, ದುಡ್ಡಿಗೆ ಮೇಲೆ ನೋಡಿಕೊಂಡೇ ಇರಬೇಕಿತ್ತು. ಸಾಬರು 1988ರಲ್ಲೇ ತೀರಿಕೊಂಡರು; ಮಂಡಲಗಳಿಗೆ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಅವಧಿ ಮುಗಿದ ಮೇಲೆ ಹೊತ್ತಿಗೆ ಸರಿಯಾಗಿ ಚುನಾವಣೆ ಆಗಲಿಲ್ಲ. 1993ರ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು. ನಡುವೆ ಅಧಿಕಾರಿಗಳೇ ಆಳಿದ ಆ ದಿನಗಳಲ್ಲಿ, ಕೆಟ್ಟ ಪಂಪಿನ ಬಗ್ಗೆ ಯಾರನ್ನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.

ಐದಕ್ಕೆ ಪಂಪಿಗೆ ಮೂರು, ಪಂಚಾಯಿತಿಗೆ ನಾಲ್ಕೂವರೆ ಕೊಡುತ್ತೇನೆ. ಈಗ ಮನೆಮನೆಗೆ ನಲ್ಲಿ ಹಾಕಿಸುತ್ತಿರುವ ಸದಸ್ಯರಲ್ಲಿ ಒಂದು ಕೋರಿಕೆ: ನೀರು ಚೆನ್ನಾಗಿರುವ ಹಳೆಯ ಬೋರಿಂಗನ್ನು ಕಿತ್ತು ಗುಜರಿಗೆ ಹಾಕಬೇಡಿ. ವಾಶರ್ ಬದಲಿಸಿ ಇಟ್ಟುಕೊಳ್ಳಿ, ಕರೆಂಟು ಹೋದ ದಿನ ಊರಿಗೆ ಅದೇ ನೀರು.