ಮರದ ನೆಲಕ್ಕೆ ಬಣ್ಣ: ಸ್ಟೇನ್ ಒಳ್ಳೆಯದಾ, ಬಣ್ಣದ ವಾರ್ನಿಶಾ?

ಹೊಸ ಓಕ್ ನೆಲಕ್ಕೆ ಬಣ್ಣ ಕೊಡುವುದಾದರೆ ನನ್ನ ಓಟು ಮರದೊಳಗೆ ಇಳಿದು ಬಣ್ಣ ಕೊಡುವ ಸ್ಟೇನ್‌ಗೆ. ಮೊದಲು ಸ್ಟೇನ್, ಅದು ಚೆನ್ನಾಗಿ ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಶ್. ಒಂದು ಕೋಣೆಗೆ ಇದನ್ನು, ಪಕ್ಕದ ಕೋಣೆಗೆ ಬಣ್ಣ ಬೆರೆಸಿದ ವಾರ್ನಿಶ್ ಹಚ್ಚಿ, ಎರಡರ ಮೇಲೂ ಓಡಾಡಿ ನೋಡಿದ್ದೇನೆ.

ಬಣ್ಣದ ವಾರ್ನಿಶ್‌ನಲ್ಲಿ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಅದರ ಪಟ್ಟಿಗಳ ಕಾಟ ಸಾಕುಸಾಕು ಮಾಡಿತು. ಈ ಬಣ್ಣ ಮರದೊಳಗೆ ಇಳಿಯುವುದಿಲ್ಲ, ಮೇಲಿನ ಪದರದಲ್ಲೇ ನಿಲ್ಲುತ್ತದೆ. ಪದರ ದಪ್ಪವಾದಷ್ಟೂ ಬಣ್ಣ ಗಾಢ. ಅರ್ಧ ಒಣಗಿದ ಅಂಚಿನ ಮೇಲೆ ಬ್ರಷ್ ಮತ್ತೊಮ್ಮೆ ಹಾದರೆ ಅಲ್ಲೊಂದು ಕಪ್ಪು ಪಟ್ಟಿ ಖಾಯಂ. ಹಚ್ಚುವಾಗ ಗೊತ್ತೇ ಆಗುವುದಿಲ್ಲ. ಮರುದಿನ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಒಂದೊಂದೇ ಎದ್ದು ಕಾಣುತ್ತವೆ.

ಎರಡು ಮೂರು ಹಲಗೆಗಳನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನಿಲ್ಲಿಸದೆ ಹಚ್ಚಿಕೊಂಡು ಹೋದರೆ ಅಂಚು ಹಲಗೆಯ ಸಂದಿಗೇ ಬರುತ್ತದೆ, ಪಟ್ಟಿ ಅಷ್ಟಾಗಿ ಕಾಣುವುದಿಲ್ಲ. ಬಾಗಿಲ ಬಳಿ, ಮೂಲೆಗಳಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಕೈ ನಿಲ್ಲಲೇಬೇಕು, ಅಲ್ವಾ?

ಸರಿ, ಉಜ್ಜಿ ತೆಗೆಯೋಣ ಎಂದರೆ ಪಟ್ಟಿಯ ಜೊತೆ ಸುತ್ತಲಿನ ಬಣ್ಣವೂ ಹೋಗಿ ಬಿಳಿ ಮಚ್ಚೆ ಉಳಿಯುತ್ತದೆ. ಮೇಲೆ ಇನ್ನೊಂದು ಕೋಟ್ ಹೊಡೆದರೆ ಇಡೀ ನೆಲ ಮತ್ತಷ್ಟು ಕಪ್ಪಾಗುತ್ತದೆ, ಪಟ್ಟಿ ಅಲ್ಲೇ ಇರುತ್ತದೆ. ಕುರ್ಚಿ ಕಾಲು ಗೀಚಿದರೂ ಅಷ್ಟೇ, ಪದರ ಕಿತ್ತು ಬರಿಮರ ಇಣುಕುತ್ತದೆ.

ಸ್ಟೇನ್‌ನಲ್ಲಿ ಈ ಗೋಳಿಲ್ಲ. ಬಟ್ಟೆಯಿಂದ ಹಚ್ಚಿ, ಡಬ್ಬಿಯಲ್ಲಿ ಹೇಳಿದಷ್ಟು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ಮರ ಕುಡಿದಷ್ಟೇ ಬಣ್ಣ ಉಳಿಯುತ್ತದೆ. ಓಕ್‌ನ ಗೆರೆಗಳು ಎಷ್ಟು ಚೆಂದ ತೆರೆದುಕೊಳ್ಳುತ್ತವೆ ಎಂದರೆ, ಆ ಕೋಣೆಯಲ್ಲಿ ಸುಮ್ನೆ ಕೂತು ನೋಡಬೇಕೆನಿಸುತ್ತದೆ.

ಕಷ್ಟ ಇಲ್ಲವೆಂದಲ್ಲ. ಉಜ್ಜುವ ಯಂತ್ರ ಬಿಟ್ಟ ಸುರುಳಿ ಗೀರುಗಳಲ್ಲಿ ಸ್ಟೇನ್ ಜಾಸ್ತಿ ಇಳಿದು ಅವನ್ನೆಲ್ಲ ಎತ್ತಿ ತೋರಿಸುತ್ತದೆ, ಅದಕ್ಕೇ ಗೋಡೆಯಂಚನ್ನು ಕೈಯಲ್ಲೇ ಮರದ ಎಳೆಯ ದಿಕ್ಕಿಗೆ ಉಜ್ಜಿದೆ. ಮೇಪಲ್, ಬರ್ಚ್ ಮರಗಳಲ್ಲಿ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಲೇಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ನಮ್ಮ ಮನೆಯಲ್ಲಿ ಕುರ್ಚಿ ಎಳೆದಾಡುವುದು ಜಾಸ್ತಿ, ಗೀರು ತಪ್ಪಿದ್ದಲ್ಲ. ಸಣ್ಣ ಗೀರು ಬಿದ್ದರೂ ಕೆಳಗೆ ಬಣ್ಣ ಇರುವ ನೆಲವೇ ನನಗೆ ಬೇಕು. ಎರಡು ಬಗೆಯ ಡಬ್ಬಿ ಕೊಳ್ಳುವ ಖರ್ಚು, ಪಟ್ಟಿ ಬಿದ್ದ ನೆಲವನ್ನು ಮತ್ತೆ ಬರಿಮರಕ್ಕೆ ಉಜ್ಜಿಸುವ ಖರ್ಚಿನ ಮುಂದೆ ಏನೂ ಅಲ್ಲ. ಕಾರ್ಖಾನೆಯಲ್ಲೇ ಪಾಲಿಶ್ ಆಗಿ ಬಂದ ಹಲಗೆಯಾದರೆ ಸ್ಟೇನ್ ಒಳಗಿಳಿಯುವುದಿಲ್ಲ, ಮೊದಲು ಆ ಪಾಲಿಶ್ ಪೂರ್ತಿ ಉಜ್ಜಿ ತೆಗೆಯಬೇಕು. ಮಿಕ್ಕ ಹಲಗೆ ತುಂಡಿನ ಮೇಲೆ ಬಣ್ಣ ಪರೀಕ್ಷಿಸುವಾಗ ವಾರ್ನಿಶ್ ಕೂಡ ಹಚ್ಚಿಯೇ ನೋಡಿ. ಒಣಗಿದ ಸ್ಟೇನ್ ಮಂಕಾಗಿರುತ್ತದೆ, ನಿಜವಾದ ಬಣ್ಣ ಕಾಣುವುದು ವಾರ್ನಿಶ್ ಬಿದ್ದ ಮೇಲೆಯೇ.