ಅಮ್ಮಂದಿರ ವಾಪಸ್ ಟಿಕೆಟ್: ರೌಂಡ್ ಟ್ರಿಪ್ಪಾ, ಎರಡು ಒನ್ ವೇನಾ, ಮೈಲ್ಸಾ?

ಬಾಣಂತನಕ್ಕೆ ಅಂತ ಬೆಂಗಳೂರಿಂದ ಅಮೆರಿಕಾಗೆ ಬರೋ ಅಮ್ಮಂದಿರು ವಾಪಸ್ ಯಾವಾಗ ಹೋಗ್ತಾರೆ ಅನ್ನೋದು ಅವರಿಗೂ ಗೊತ್ತಿರಲ್ಲ. ಮೂರು ತಿಂಗಳು ಸಾಕು ಅಂತ ಹೊರಡ್ತಾರೆ, ಬಂದ್ಮೇಲೆ ಮಗುಗೆ ಅನ್ನಪ್ರಾಶನ ಮುಗಿಸ್ಕೊಂಡೇ ಹೋಗ್ತೀನಿ ಅಂತಾರೆ, ಇಲ್ಲಾ ಊರಲ್ಲಿ ಯಾರದೋ ಮದುವೆ ಗೊತ್ತಾಗಿ ಬೇಗ ಕಳ್ಸು ಅಂತಾರೆ. ನಮ್ಮನೇಲಿ ಅಮ್ಮಂಗೊಂದು ಥರ, ಅತ್ತೆ ಮಾವಂಗೆ ಇನ್ನೊಂದು ಥರ ಅಂತ ಎಲ್ಲಾನೂ ಮಾಡಿ ನೋಡಿದೀವಿ.

ಮೊದ್ಲು ಎರಡು ಒನ್ ವೇ. ಬೆಂಗಳೂರು–ದೆಹಲಿ ಥರ ದೇಶದೊಳಗಿನ ಓಡಾಟಕ್ಕೆ ಯೋಚ್ನೇನೇ ಬೇಡ, ಹೋಗೋದು ಬರೋದು ಬೇರೆ ಬೇರೆ ತಗೊಂಡ್ರೂ ಸಾಮಾನ್ಯವಾಗಿ ಏನೂ ಲಾಸ್ ಇಲ್ಲ. ಅಮೆರಿಕಾಗೆ ಹಂಗಲ್ಲ, ಎಷ್ಟೋ ಏರ್‌ಲೈನ್‌ಗಳಲ್ಲಿ ಒನ್ ವೇ ರೇಟು ರೌಂಡ್ ಟ್ರಿಪ್ಪಿನ ಅರ್ಧಕ್ಕಿಂತ ಸುಮಾರು ಜಾಸ್ತೀನೇ ಇರತ್ತೆ. ಅದೂ ಅಲ್ದೆ ವಿಸಿಟರ್ ವೀಸಾದಲ್ಲಿ ಬರೋರನ್ನ ಚೆಕ್ ಇನ್ ಕೌಂಟರಲ್ಲಿ, ಇಮಿಗ್ರೇಷನ್‌ನಲ್ಲಿ "ರಿಟರ್ನ್ ಟಿಕೆಟ್ ಎಲ್ಲಿ" ಅಂತ ಕೇಳಬಹುದು, ಮೊದಲನೇ ಸಲ ಒಬ್ರೇ ಬರೋ ಅಮ್ಮಂಗೆ ಆ ಟೆನ್ಷನ್ ಯಾಕೆ ಹೇಳಿ. ನನ್ನ ಪ್ರಕಾರ ಇದು ಔಟ್.

ಮೈಲ್ಸ್, ಅಂದ್ರೆ ದುಡ್ಡಿನ ಬದ್ಲು ಟಿಕೆಟ್ಟಿಗೆ ಕೊಡೋ ಏರ್‌ಲೈನ್ ಪಾಯಿಂಟ್ಸ್, ಇದ್ರೆ ಮಾತ್ರ ಒನ್ ವೇಗೆ ಅರ್ಥ ಇದೆ. ಯುನೈಟೆಡ್, ಅಮೆರಿಕನ್ ಥರದ ಏರ್‌ಲೈನ್‌ನವರ ಮೈಲ್ಸ್ ಟಿಕೆಟ್ ಹೊರಡೋ ಮುಂಚೆ ಕ್ಯಾನ್ಸಲ್ ಮಾಡಿದ್ರೆ ಮೈಲ್ಸ್ ವಾಪಸ್ ಅಕೌಂಟಿಗೇ ಬರತ್ತೆ, ಡೇಟ್ ವಿಷ್ಯದಲ್ಲಿ ಇಷ್ಟು ನೆಮ್ಮದಿ ಬೇರೆ ಯಾವ್ದ್ರಲ್ಲೂ ಇಲ್ಲ. ಆದ್ರೆ ಅತ್ತೆ ಮಾವ ಇಬ್ರಿಗೂ ಒಂದೇ ಫ್ಲೈಟಲ್ಲಿ, ಅದೂ ಡಿಸೆಂಬರಲ್ಲಿ, ಸೀಟು ಹುಡುಕೋದು ಅಂದ್ರೆ ಲಾಟರಿನೇ.

ಕ್ಯಾನ್ಸಲ್ ಮಾಡಿದ್ರೆ ದುಡ್ಡು ಪೂರ್ತಿ ವಾಪಸ್ ಕೊಡೋ ಫುಲ್ ರಿಫಂಡೆಬಲ್ ಟಿಕೆಟ್ಟಿನ ರೇಟ್ ನೋಡೇ ಟ್ಯಾಬ್ ಮುಚ್ಚಿದೆ.

ಕೊನೆಗೆ ನಮಗೆ ಒಗ್ಗಿದ್ದು ರೌಂಡ್ ಟ್ರಿಪ್, ವಾಪಸ್ಸಿಗೆ ಒಂದು ಅಂದಾಜಿನ ಡೇಟ್ ಹಾಕಿ ಆಮೇಲೆ ಬದಲಾಯಿಸೋದು. ಇಲ್ಲಿ ಎಲ್ರೂ ಎಡವೋದು "ನೋ ಚೇಂಜ್ ಫೀ" ಅನ್ನೋದ್ರಲ್ಲಿ. ಡೇಟ್ ಬದಲಾಯಿಸೋಕೆ ಫೀ ಇಲ್ಲ ನಿಜ, ಹಳೇ ಹೊಸ ಟಿಕೆಟ್ ರೇಟಿನ ವ್ಯತ್ಯಾಸ ಅಂದ್ರೆ ಫೇರ್ ಡಿಫರೆನ್ಸ್ ಇದ್ದೇ ಇದೆ. ಎಕಾನಮಿ ಅಂದ್ರೆ ಒಂದೇ ರೇಟಲ್ಲ, ಒಳಗೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ರೇಟು, ನೀವು ತಗೊಂಡ ಅಕ್ಷರದಲ್ಲಿ ಹೊಸ ಡೇಟಲ್ಲೂ ಸೀಟು ಇದ್ರೆ ಹೆಚ್ಚುಕಮ್ಮಿ ಫ್ರೀ, ಅದು ತುಂಬಿಹೋಗಿದ್ರೆ ಮೇಲಿನ ರೇಟಿಗೆ ಹೋಗ್ಬೇಕು. ಅದಕ್ಕೇ ಡಿಸೆಂಬರ್, ಮೇ-ಜೂನ್ ರಜೆ ಟೈಮಿಗೆ ವಾಪಸ್ ಹಾಕ್ಬೇಡಿ, ಜಾಸ್ತಿ ಕೊಟ್ಟಿದ್ದನ್ನ ಆಮೇಲೆ ಕಮ್ಮಿ ರೇಟಿನ ದಿನಕ್ಕೆ ಬದಲಾಯಿಸಿದ್ರೂ ಡಿಫರೆನ್ಸ್ ವಾಪಸ್ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ. ಫೆಬ್ರವರಿ ಅಥವಾ ಸೆಪ್ಟೆಂಬರ್ ಥರ ಸಪ್ಪೆ ತಿಂಗಳು ಒಳ್ಳೇದು. ವೀಸಾ 10 ವರ್ಷದ್ದಾದ್ರೂ ಇರೋಕೆ ಕೊಡೋದು ಸಾಮಾನ್ಯವಾಗಿ 6 ತಿಂಗಳು, ಅದೂ ಏರ್‌ಪೋರ್ಟಲ್ಲಿ ಆಫೀಸರ್ ತೀರ್ಮಾನ, ಹಾಗಾಗಿ ಅಂದಾಜಿನ ಡೇಟು ಅದರೊಳಗೇ ಇರ್ಲಿ.

ಎಲ್ಲಿ ತಗೋಬೇಕು ಅನ್ನೋದೂ ಅಷ್ಟೇ ಮುಖ್ಯ. ಒಂದು ಬುಕಿಂಗ್ ಸೈಟಲ್ಲಿ ಸ್ವಲ್ಪ ಕಮ್ಮಿಗೆ ಸಿಕ್ತು, ಡೇಟ್ ಚೇಂಜ್ ಬಂದಾಗ ಏರ್‌ಲೈನ್‌ನೋರು "ಎಲ್ಲಿ ತಗೊಂಡ್ರೋ ಅಲ್ಲೇ ಕೇಳಿ" ಅಂದ್ರು, ಸೈಟ್‌ನೋರು ಹೋಲ್ಡಲ್ಲಿ ಕೂರಿಸಿ ತಮ್ಮದೇ ಒಂದು ಚಾರ್ಜ್ ಸೇರಿಸಿದ್ರು, ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಯ್ತು. ಏರ್‌ಲೈನ್ ಸೈಟಲ್ಲಿ ನೇರ ತಗೊಂಡಿದ್ದನ್ನ ರಾತ್ರಿ ಮಗು ಮಲಗಿಸಿ ಫೋನಲ್ಲೇ ಬದಲಾಯಿಸಿದೀನಿ. ನೇರ ತಗೊಂಡ್ರೆ ಇನ್ನೊಂದು ಲಾಭ, ಅಮೆರಿಕಾ ಫ್ಲೈಟನ್ನ ಹೊರಡೋಕೆ 7 ದಿನ ಅಥ್ವಾ ಇನ್ನೂ ಮುಂಚೆ ಬುಕ್ ಮಾಡಿದ್ರೆ, ಬುಕ್ ಮಾಡಿದ 24 ಗಂಟೆಯೊಳಗೆ ದಂಡ ಇಲ್ದೆ ಕ್ಯಾನ್ಸಲ್ ಮಾಡ್ಬಹುದು, ಇಲ್ಲಾ ಕೆಲವರು ಅದರ ಬದ್ಲು ಆ ರೇಟನ್ನ 24 ಗಂಟೆ ಹಿಡಿದಿಡ್ತಾರೆ. ಪರಿಚಯದ ಟ್ರಾವೆಲ್ ಏಜೆಂಟ್ ಇದ್ರೆ ಅದೂ ಓಕೆ, ವಾಟ್ಸಾಪಲ್ಲಿ ಹೇಳಿದ್ರೆ ಆಗತ್ತೆ.

ಏನೇ ಆದ್ರೂ ಹಳೇ ಫ್ಲೈಟ್ ಹೊರಡೋ ಮುಂಚೆನೇ ಡೇಟ್ ಬದಲಾಯಿಸಿ, ನೋ ಶೋ, ಅಂದ್ರೆ ಬದಲಾಯಿಸದೇ ಫ್ಲೈಟಿಗೆ ಹೋಗದೇ ಇದ್ದಂಗೆ, ಆದ್ರೆ ಟಿಕೆಟ್ ಪೂರ್ತಿ ಸತ್ತೇ ಹೋಗ್ಬಹುದು. ಬದಲಾದ್ಮೇಲೆ ವೀಲ್‌ಚೇರ್, ವೆಜ್ ಊಟ ಹಾಗೇ ಇದ್ಯಾ ಅಂತ ಮತ್ತೆ ನೋಡಿ, ಮಾವಂದು ಒಂದ್ಸಲ ಎರಡೂ ಮಾಯ ಆಗಿತ್ತು, ಇನ್ಶೂರೆನ್ಸ್ ಡೇಟೂ ಅವತ್ತೇ ಮುಂದಕ್ಕೆ ಹಾಕ್ಬಿಡಿ.