ಎ380, 777, ಎ350: ರನ್‌ವೇಗೆ ಯಾವುದು ಹೆಚ್ಚು ಭಾರ?

ಈಗಿರುವ ರನ್‌ವೇಗೆ ಯಾವ ದೊಡ್ಡ ವಿಮಾನ ತರಬಹುದು ಎಂದು ಲೆಕ್ಕ ಹಾಕುವವರು ಒಟ್ಟು ತೂಕ ನೋಡಿ ಹೆದರಬೇಕಿಲ್ಲ. ಚಕ್ರಗಳನ್ನು ಎಣಿಸಿ.

ಏರ್‌ಬಸ್ ಎ380 ತುಂಬಿ ಮೇಲೇರುವಾಗ ಗರಿಷ್ಠ ಸುಮಾರು 575 ಟನ್ ತೂಗುತ್ತದೆ. ಆದರೆ ಅದರ ಮುಖ್ಯ ಚಕ್ರಗಳು 20; ಮೂತಿಯ ಚಕ್ರಗಳು ಹೊರುವ ಸ್ವಲ್ಪ ಪಾಲು ಬಿಟ್ಟರೆ ಒಂದೊಂದರ ಮೇಲೆ 27 ಟನ್‌ನಷ್ಟು ಭಾರ. ಬೋಯಿಂಗ್ 777-300ಇಆರ್ 351 ಟನ್, ಆರಾರರ ಎರಡು ಗುಂಪಿನಲ್ಲಿ 12 ಚಕ್ರ. ಚಕ್ರಕ್ಕೆ ಬೀಳುವ ಭಾರ ಹೆಚ್ಚುಕಮ್ಮಿ ಅಷ್ಟೇ. 280 ಟನ್ನಿನ ಎ350-900ಕ್ಕೆ ಎಂಟೇ ಚಕ್ರ, ಹಾಗಾಗಿ ಒಂದೊಂದರ ಮೇಲೆ ಸುಮಾರು 33 ಟನ್! ಎ380ರ ಅರ್ಧ ತೂಕವೂ ಇಲ್ಲದ ವಿಮಾನ ನೆಲವನ್ನು ಹೆಚ್ಚು ಒತ್ತುತ್ತದೆ. ನನಗೆ ಇದು ಇಂದಿಗೂ ಬೆರಗು.

ಅಡಿಮಣ್ಣನ್ನೂ ಮರೆಯಬೇಡಿ. ಗಟ್ಟಿ ನೆಲದಲ್ಲಿ ಒಂದೊಂದು ಚಕ್ರದ ಭಾರವೇ ಮುಖ್ಯ. ಮೆತ್ತನೆಯ ಜೇಡಿಯಲ್ಲಿ ಅಕ್ಕಪಕ್ಕದ ಚಕ್ರಗಳ ಒತ್ತಡ ಆಳದಲ್ಲಿ ಒಂದಕ್ಕೊಂದು ಸೇರಿಕೊಳ್ಳುವುದರಿಂದ ಆರು ಚಕ್ರದ ಗುಂಪಿನ ಲಾಭ ಕುಗ್ಗುತ್ತದೆ. 2024ರ ನವೆಂಬರ್‌ನಿಂದ ಜಾರಿಯಲ್ಲಿರುವ ಎಸಿಆರ್-ಪಿಸಿಆರ್ ಪದ್ಧತಿ (ವಿಮಾನ ನೆಲಕ್ಕೆ ಹಾಕುವ ಭಾರಕ್ಕೆ ಒಂದು ಅಂಕಿ, ನೆಲ ತಾಳುವ ಬಲಕ್ಕೆ ಇನ್ನೊಂದು) ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ: ವಿಮಾನದ ಅಂಕಿ ನೆಲದ ಅಂಕಿಯನ್ನು ಮೀರದಿದ್ದರೆ ನಿರ್ಬಂಧವಿಲ್ಲ.

ವಿಮಾನ ಗಂಟೆಗಟ್ಟಲೆ ನಿಲ್ಲುವ ಏಪ್ರನ್‌ಗೆ ಕಾಂಕ್ರೀಟನ್ನೇ ಆರಿಸಿ. ಸೋರಿದ ಇಂಧನ ಡಾಂಬರನ್ನು ಕರಗಿಸುತ್ತದೆ. ರನ್‌ವೇಗೆ ಡಾಂಬರು ಸಾಕು, ರಾತ್ರಿ ಪದರ ಹಾಕಿ ಬೆಳಿಗ್ಗೆ ತೆರೆಯಬಹುದು.

2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಬಂದಿಳಿಯಿತು. ಇಂಥ ವಿಮಾನಕ್ಕೆ ನೆಲದ ಬಲಕ್ಕಿಂತ ಹೆಚ್ಚಾಗಿ ಕಾಡುವುದು ಸುಮಾರು 80 ಮೀಟರ್ ರೆಕ್ಕೆಗೆ ಬೇಕಾದ ಜಾಗ.